ಒಂದೇ ಸಲ ಚುಚ್ಚವ್ವ

ಮೇಜಿನ ಮೇಲೊಂದು ರಬ್ಬರಿನ ತೋಳು.
ಮೊಣಕೈ ಮಡಿಕೆಯಲ್ಲಿ ನಮಗಿಂತ ಮೊದಲು ಕಲಿತವರ
ಸಾವಿರ ತೂತು.
ಒಳಗೆ ಕೆಂಪು ಬಣ್ಣದ ನೀರು.
ಅದು ಹಲ್ಲು ಕಚ್ಚುವುದಿಲ್ಲ, ಮುಖ ಆಚೆ ತಿರುಗಿಸುವುದಿಲ್ಲ,
ಅದಕ್ಕೇ ಏನೋ
ಅದರಿಂದ ನನಗೆ ಹೆಚ್ಚೇನೂ ಬರಲಿಲ್ಲ.

'ಕಣ್ಣಿಗೆ ಕಂಡ ನರ ನಂಬಬೇಡಿ' ಅಂದರು ಪುಟ್ಟತಾಯಮ್ಮ ಮೇಡಂ,
'ಬೆರಳಿಗೆ ಸಿಕ್ಕಿದ್ದನ್ನು ನಂಬಿ.
ಹುರಿಹಗ್ಗದ ಹಾಗಿದ್ದರೆ ಬಿಡಿ.
ತಾನೇ ಮಿಡಿಯುತ್ತಿದ್ದರೆ ಇನ್ನೂ ಬೇಗ ಬಿಡಿ.
ಒತ್ತಿದರೆ ತಗ್ಗಿ, ಬಿಟ್ಟರೆ ಎದ್ದು ಬರುವುದು ಯಾವುದೋ
ಅದು ನಿಮ್ಮದು.'

ಇಷ್ಟು ನನಗೆ ಮೊದಲೇ ಗೊತ್ತಿತ್ತು.
ನೂರಡಿ ರಸ್ತೆಯಲ್ಲಿ ಬೇವಿನ ಮರದ ಬುಡಕ್ಕೆ
ಅಪ್ಪನ ಪಂಕ್ಚರ್ ಅಂಗಡಿ.
ಗಾಳಿ ತುಂಬಿದ ಟ್ಯೂಬನ್ನು ಬೋಗುಣಿಗೆ ಅದ್ದುವ ಮೊದಲೇ
ಹೆಬ್ಬೆರಳಲ್ಲಿ ಸವರಿ 'ಇಲ್ಲಿ' ಅನ್ನುತ್ತಾನೆ.
ನೀರು ಗುಳುಗುಳು ಎಂದು ಆಮೇಲೆ ಒಪ್ಪಿಕೊಳ್ಳುತ್ತದೆ.

ಮನೆಯಲ್ಲಿ ಅಭ್ಯಾಸಕ್ಕೆಂದು ಹಳೇ ಟ್ಯೂಬು ಸೀಳಿ ಪಟ್ಟಿ ಮಾಡಿಕೊಟ್ಟ.
ಅವ್ವನ ತೋಳಿಗೆ ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ.
'ಎಂಥಾ ವಿದ್ಯೆ ಕಲಿಯಕ್ಕೋದೆ ಮಗಾ,
ಮೂವತ್ತು ವರ್ಸ ನಾನು ತೂತು ಮುಚ್ಚಿದ್ದೀನಿ,
ನೀನು ಮಾಡ್ಕೊಂಡು ಬತ್ತೀನಿ ಅಂತೀಯಲ್ಲ'
ಎಂದು ನಕ್ಕ.
ಸೂಜಿ ತೋರಿಸಿದೆ. ಎದ್ದು ಹೊರಗೆ ಹೋದ.

ನೀಲಿ ಮುಚ್ಚಳ ಮೊದಲು, ಆಮೇಲೆ ಕೆಂಪು,
ಆಮೇಲೆ ನೇರಳೆ, ಕೊನೆಗೆ ಬೂದು.
ಕುಲುಕಬಾರದು, ಎಂಟು ಸಲ ಮೆಲ್ಲಗೆ ಮಗುಚಬೇಕು.
ನಿದ್ದೆಯಲ್ಲೂ ಬಣ್ಣ ಹೇಳುತ್ತೀಯ ಎನ್ನುತ್ತಾಳೆ ಅವ್ವ.

ಮೊದಲ ನಿಜವಾದ ತೋಳು ತಬಸ್ಸುಮ್‌ಳದು, ನನ್ನ ಬ್ಯಾಚಿನವಳು.
ಸೂಜಿ ನರಕ್ಕೆ ಹೋಯಿತು, ನರದಾಚೆಗೂ ಹೋಯಿತು.
ಅಲ್ಲೊಂದು ನೇರಳೆ ಹಣ್ಣು ಊದಿಕೊಂಡಿತು.
'ಇರು, ನನ್ನ ಸರದಿ ಬರಲಿ' ಎಂದಳು.
ಬಂತು. ಒಂದೇ ಸಲಕ್ಕೆ ಹಿಡಿದುಬಿಟ್ಟಳು.
ಅದು ಇವತ್ತಿಗೂ ಉರಿಯುತ್ತದೆ.

ಇವತ್ತು ಬೆಳಿಗ್ಗೆ ಆರೂವರೆಗೆ ಆಸ್ಪತ್ರೆಯ ಕಿಟಕಿಯ ಮುಂದೆ
ಕಾಫಿ ಕುಡಿಯದ ಮಂಡ್ಯ ಸಾಲು ನಿಂತಿತ್ತು.
ಎದುರು ಹಾಕಿಕೊಳ್ಳುವಂಥ ಜನವಲ್ಲ ಅದು.
ನನ್ನ ಕುರ್ಚಿಗೆ ಬಂದ ಮೊದಲ ಕೈ
ಕೆರಗೋಡಿನಿಂದ ಮೊದಲ ಬಸ್ಸಿಗೆ ಹತ್ತಿದ ಅಜ್ಜಿಯದು.
ಮುಂಗೈಯಿಂದ ಮೊಣಕೈವರೆಗೆ ಹಚ್ಚೆ:
ಚೇಳು, ಹೂವು, ಚುಕ್ಕಿಸಾಲು,
ನಡುವೆ ಸೊಟ್ಟ ಅಕ್ಷರದಲ್ಲಿ ಬೋರೇಗೌಡ.
ಆ ಹಸಿರಿನಲ್ಲಿ ಯಾವುದು ನರ, ಯಾವುದು ಗೆರೆ?

'ನನ್ ತಮ್ಮ ಅವನು' ಎಂದಳು ನಾನು ಕೇಳದೆಯೇ.
'ಒಂಬತ್ತು ವರ್ಸದೋಳಿದ್ದೆ. ಮೂರು ಸೂಜಿ ಒಟ್ಗೆ ಕಟ್ಕೊಂಡು
ಒಂದ್ ಮದ್ಯಾನ ಪೂರ್ತಿ ಚುಚ್ಚಿದ್ಲು ಹಚ್ಚೆಯೋಳು.
ನಾನೇ ಅಳ್ಲಿಲ್ಲ, ನೀನ್ಯಾಕವ್ವ ನಡುಗ್ತೀ?
ಒಂದೇ ಸಲ ಚುಚ್ಚವ್ವ.'

ಕಣ್ಣು ಮುಚ್ಚಿದೆ.
ಚೇಳಿನ ಕೊಂಡಿಯ ಕೆಳಗೆ ಏನೋ
ತಗ್ಗಿತು, ಎದ್ದು ಬಂತು.
ಸ್ಪಿರಿಟ್ ಆರುವವರೆಗೆ ಉಸಿರು ಬಿಡಲಿಲ್ಲ.
ಸೂಜಿ ಓರೆಯಾಗಿ ಇಳಿಯಿತು,
ಬೂದು ಮುಚ್ಚಳದ ಟ್ಯೂಬಿನೊಳಕ್ಕೆ ಅವಳು
ಸದ್ದಿಲ್ಲದೆ ಬಂದಳು.

ಪಟ್ಟಿ ಬಿಚ್ಚಿದೆ, ಸೂಜಿ ಎಳೆದೆ, ಹತ್ತಿ ಒತ್ತಿದೆ.
'ಗೊತ್ತೇ ಆಗ್ಲಿಲ್ಲ ಕಣವ್ವ' ಎಂದು ಎದ್ದು ಹೋದಳು.
ಟ್ಯೂಬನ್ನು ಎಂಟಲ್ಲ, ಹನ್ನೆರಡು ಸಲ ಮಗುಚಿದೆ ಖುಷಿಗೆ.

'ಚೀಟಿ ಎಲ್ಲಿ?' ಎಂದರು ಮೇಡಂ.
'ಯಾರ ರಕ್ತ ಇದು?'
ನನ್ನ ಬಾಯಿಗೆ ಬಂದ ಹೆಸರು ಒಂದೇ,
ಅದು ಅವಳದಲ್ಲ.
ಅವರು ಬೈಯಲಿಲ್ಲ. ಟ್ಯೂಬನ್ನು ಕಸದ ಡಬ್ಬಿಗೆ ಬಿಟ್ಟರು.
ಟಕ್ ಎಂಬ ಆ ಸದ್ದು
ಬೈಗುಳಕ್ಕಿಂತ ಗಟ್ಟಿಯಾಗಿತ್ತು.

ಓಡಿದೆ. ಕ್ಯಾಂಟೀನಿನ ಕಟ್ಟೆಯ ಮೇಲೆ
ಅರ್ಧ ಲೋಟ ಕಾಫಿ ಆಗಲೇ ಇಳಿದಿತ್ತು.
'ಅಯ್ಯೋ, ಕುಡ್ದುಬುಟ್ನಲ್ಲ' ಎಂದಳು
ತಪ್ಪು ತನ್ನದೇ ಎಂಬಂತೆ.
ಲೋಟ ಕೆಳಗಿಟ್ಟು ಎಡಗೈ ಸೆರಗಿನಿಂದ ಹೊರಗೆ ತೆಗೆದಳು,
ಒಂದು ಚುಕ್ಕಿಯೂ ಇಲ್ಲದ ಬರಿಗೈ.
'ನಾಳೀಕೆ ಇದನ್ನ ಕೊಡ್ತೀನಿ ತಗೋ.'

ಹೆಸರು ಕೇಳಿದೆ.
ಜೇಬಿನ ಪೆನ್ನು ತೆಗೆದು ನನ್ನ ಅಂಗೈಯಲ್ಲೇ ಬರೆದುಕೊಂಡೆ:
ಮಾಯಮ್ಮ. ನಾಳೆ. ಬೂದು.